ಶೇಖಮ್ಮನ ಬೆನ್ನ ಹಿಂದಿನ ದನಿ

ಯಾದಗಿರಿಯ ಕೋಟೆಗುಡ್ಡದ ಬಂಡೆಗಳು ಇನ್ನೂ ಕಪ್ಪಗಿರುವಾಗಲೇ ಲಾಡ್ಲೇಸಾಬರ ಅಂಗಳದಲ್ಲಿ ಬಿಲ್ಲಿನ ಸದ್ದು ಶುರುವಾಗುತ್ತದೆ. ಆಳೆತ್ತರದ ಕಟ್ಟಿಗೆಯ ಬಿಲ್ಲು, ಅದಕ್ಕೆ ಬಿಗಿದ ನರದ ಹುರಿ. ಎಡಗೈಯಲ್ಲಿ ಬಿಲ್ಲನ್ನು ಹತ್ತಿಯ ಗುಡ್ಡೆಯ ಮೇಲೆ ತೂಗಿ ಹಿಡಿದು, ಬಲಗೈಯ ಮರದ ಕೊಡತಿಯಿಂದ ಹುರಿಯನ್ನು ಮೀಟುತ್ತಾರೆ. ಯಾರದೋ ಮನೆಯವರ ಮೈಭಾರಕ್ಕೆ ಗಂಟುಗಟ್ಟಿ ಕಲ್ಲಾದ ಹತ್ತಿ, ಏಟಿಗಿಷ್ಟಿಷ್ಟೇ ಬಿಡಿಸಿಕೊಂಡು ಮೇಲೆ ಹಾರಿ ಮೆಲ್ಲಗೆ ಕೆಳಗಿಳಿಯುತ್ತದೆ. ಹುಬ್ಬು, ಕಿವಿ, ಟೊಪ್ಪಿಗೆ ಎಲ್ಲದರ ಮೇಲೂ ಬಿಳಿಯ ಎಳೆ. ಮೂಗು ಬಾಯಿಗೆ ಬಟ್ಟೆ ಕಟ್ಟಿದ್ದಾರೆ. ಅದರೊಳಗಿಂದಲೇ ಒಂದು ಹಾಡು ಬರುತ್ತಿದೆ.

"ಬಟ್ಟಿ ಕಟ್ಟಿದ್ರೂ ಬಾಯಿ ಸುಮ್ಮ ಇರಂಗಿಲ್ಲ ನೋಡು," ಎನ್ನುತ್ತ ಹೆಂಡತಿ ಚಮನಬೀ ಚಹಾದ ಬಟ್ಟಲು ತಂದಿಡುತ್ತಾರೆ. "ಧೂಳು ಗಂಟಲಿಗಿ ಇಳಿದ್ರ ಶಹಾಪುರದಾಗ ಏನು ಕೆಮ್ಮಿ ತೋರಿಸ್ತಿ ಏನು?"

"ಕೆಮ್ಮಿದ್ರೂ ತಾಳದಾಗ ಕೆಮ್ಮತೀನಿ, ತಗೋ."

"ಮಾಸ್ತರ‍್ರು ಹೇಳಿದ್ದು ಹಾಡೂದಲ್ಲ. ಸುಮ್ಮ ಇರೂದು. ಅದನ್ನ ಕಲ್ತು ಹೋಗು."

ಲಾಡ್ಲೇಸಾಬರು ನಗುವುದಿಲ್ಲ. ಕೊಡತಿ ಒಂದು ಗಳಿಗೆ ನಿಲ್ಲುತ್ತದೆ. ಚಮನಬೀ ತಮಾಷೆಗೆ ಆಡಿದ ಮಾತಿನಲ್ಲಿ ಅವರ ಈ ವಾರದ ಚಿಂತೆಯೆಲ್ಲ ಇದೆ.

ನಾಳೆ ಶುಕ್ರವಾರ ಮಧ್ಯಾಹ್ನ, ಶಹಾಪುರದ ಕುಬ್ರಾಬೇಗಂ ಅವರ ಮನೆಯ ಪಡಸಾಲೆಯಲ್ಲಿ ಒಂದು ಹೊಸ ಆಟವಿದೆ. ಆಟ ಎನ್ನಬೇಕೋ ಹಾಡು ಎನ್ನಬೇಕೋ, ಅದನ್ನು ಕಟ್ಟಿದ ಮಾಸ್ತರರಿಗೇ ಇನ್ನೂ ಖಾತ್ರಿಯಿಲ್ಲ. ರಂಗದ ಮೇಲೆ ಒಬ್ಬಾಕೆಯೇ ಇರುತ್ತಾಳೆ. ಎಲ್ಲ ಪಾತ್ರವೂ ಅವಳದೇ, ಎಲ್ಲ ಮಾತೂ ಹಾಡೇ. ಆಕೆಯ ಹಿಂದೆ ಹಿಮ್ಮೇಳಕ್ಕೆ ಒಬ್ಬರು, ಹಾರ್ಮೋನಿಯಂ ಪೇಟಿಗೆ ಒಬ್ಬರು. ಆ ಹಿಮ್ಮೇಳದವರೇ ಲಾಡ್ಲೇಸಾಬರು. ಆಟದ ಒಂದೇ ಒಂದು ಜಾಗದಲ್ಲಿ ಅವರು ದನಿ ಎತ್ತಬಾರದು. ತಾಲೀಮಿನಲ್ಲಿ ಪ್ರತಿ ಸಲವೂ ಎತ್ತಿದ್ದಾರೆ. ನಾಳೆ ಬೆಳಗಿನ ಕೊನೆಯ ತಾಲೀಮಿನಲ್ಲೂ ಎತ್ತಿದರೆ, ಆಟ ಹಿಮ್ಮೇಳವಿಲ್ಲದೆ ನಡೆಯುತ್ತದೆ. ಲಾಡ್ಲೇಸಾಬರು ಮಧ್ಯಾಹ್ನದ ಮೋಟಾರು ಹಿಡಿದು ಯಾದಗಿರಿಗೆ ಮರಳಿ ಗಾದಿ ಹಿಂಜಬೇಕು.

ಹಿಮ್ಮೇಳದವರನ್ನು ಯಾರೂ ನೋಡುವುದಿಲ್ಲ. ಬಯಲಿನ ಆಟವಿರಲಿ, ಕಂಪನಿಯ ಆಟವಿರಲಿ, ಪಾತ್ರಧಾರಿ ಮುಂದೆ ನಿಂತು ಹಾಡುತ್ತಾನೆ. ಅವನು ನಿಲ್ಲಿಸಿದ ಕಡೆ, ಕೊನೆಯ ಸೊಲ್ಲನ್ನು ಹಿಂದಿನವರು ಎತ್ತಿಕೊಳ್ಳುತ್ತಾರೆ. ಪಾತ್ರಧಾರಿ ಉಸಿರು ತೆಗೆದುಕೊಂಡು ಮುಂದಿನ ನುಡಿಗೆ ಸಿದ್ಧನಾಗುವವರೆಗೆ ಹಾಡು ನೆಲಕ್ಕೆ ಬೀಳದ ಹಾಗೆ ಹಿಡಿದಿರುವುದೇ ಇವರ ಕೆಲಸ. ಒಳ್ಳೆಯ ಹಿಮ್ಮೇಳಗಾರನಿಗೆ ಆಟದಲ್ಲಿ ಸದ್ದಿಲ್ಲದ ಗಳಿಗೆಯೆಂದರೆ ಏನೋ ಕೆಟ್ಟಿದೆ ಎಂದೇ ಅರ್ಥ.

ಈ ಕೆಲಸಕ್ಕೆ ಅವರು ಬಂದದ್ದೂ ಗಾದಿಯ ದಾರಿಯಿಂದಲೇ. ಮೀಸೆ ಮೂಡುವ ವಯಸ್ಸಿನಲ್ಲಿ, ಯಾದಗಿರಿಗೆ ಬಂದು ಡೇರೆ ಹಾಕಿದ್ದ ಒಂದು ಆಟದ ಕಂಪನಿಯವರು ತಮ್ಮ ಹಾಸಿಗೆಗಳನ್ನು ಹಿಂಜಲು ಅವರನ್ನು ಕರೆಸಿದ್ದರು. ಬಿಲ್ಲಿನ ಸದ್ದಿನ ಜೊತೆಗೆ ಹುಡುಗ ಗುನುಗುತ್ತಿದ್ದ ಹಾಡು ಒಳಗೆ ಮಲಗಿದ್ದ ಮಾಲೀಕರ ಕಿವಿಗೆ ಬಿತ್ತು. "ಗಾದಿ ಆಮ್ಯಾಲ ಹಿಂಜು, ಮೊದಲು ಒಳಗ ಬಾ ಅಂದ್ರು. ಗಾದಿ ಅರ್ಧಾ ಹಂಗ ಉಳೀತು. ಆ ಮಾಲಕರು ಆ ಸೀಜನ್ನೆಲ್ಲಾ ಗಂಟಿನ ಗಾದಿ ಮ್ಯಾಲೇ ಮಲಗಿದ್ರು ಪಾಪ," ಎಂದು ಲಾಡ್ಲೇಸಾಬರು ನೆನೆಯುತ್ತಾರೆ. ಚಳಿಗಾಲದಲ್ಲಿ ಊರವರಿಗೆಲ್ಲ ಗಾದಿ ರಜಾಯಿ ಬೇಕು, ಆಗ ಬಿಲ್ಲು. ಸುಗ್ಗಿ ಮುಗಿದ ಮೇಲೆ ಊರೂರಿಗೆ ಆಟ ಬೇಕು, ಆಗ ಹಿಮ್ಮೇಳ. ಅವರ ಅರ್ಧ ಆಯುಷ್ಯ ಹೀಗೇ ಕಳೆದಿದೆ.

ಅದೇ ಕಂಪನಿಗೆ ಮುಂದೆ ಕಕ್ಕೇರಾದ ಶೇಖಮ್ಮ ಬಂದರು. ಆಗಿನ್ನೂ ಹುಡುಗಿ. ದೇವಾಪುರದಿಂದ ಗುರ್ಮಿಠಕಲ್ಲಿನವರೆಗೆ ಆ ದನಿಗೆ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರಂತೆ. ಉದ್ದದ ಸೊಲ್ಲನ್ನು ಮೇಲಕ್ಕೆ ಒಯ್ದು ಅಲ್ಲೇ ಹಿಡಿದು ನಿಲ್ಲಿಸುವುದಕ್ಕೆ ಶೇಖಮ್ಮ ಹೆಸರಾಗಿದ್ದರು. ಒಂದು ವರ್ಷ ಜ್ವರ ಬಂದು ಎದೆಯಲ್ಲಿ ಕೂತಿತು. ಜ್ವರ ಬಿಟ್ಟರೂ ಉಸಿರು ಮೊದಲಿನ ಹಾಗಾಗಲಿಲ್ಲ. ಸೊಲ್ಲಿನ ಅರ್ಧಕ್ಕೇ ದನಿ ಕಡಿಯತೊಡಗಿತು.

ಇದು ಜನಕ್ಕೆ ತಿಳಿಯಲಿಲ್ಲ. ಹಿಂದೆ ನಿಂತ ಲಾಡ್ಲೇಸಾಬರು ಶೇಖಮ್ಮನ ಹೆಗಲನ್ನು ನೋಡುತ್ತಿದ್ದರು. ಉಸಿರು ಮುಗಿಯುತ್ತಿದ್ದ ಹಾಗೆ ಹೆಗಲು ಇಳಿಯುತ್ತದೆ. ಅದು ಇಳಿಯುವುದಕ್ಕೆ ತುಸು ಮೊದಲೇ ಅವರು ಸೊಲ್ಲನ್ನು ಎತ್ತಿಕೊಂಡುಬಿಡುತ್ತಿದ್ದರು. ಶೇಖಮ್ಮನ ದನಿಯ ತುದಿಗೆ ತಮ್ಮ ದನಿಯ ತುದಿಯನ್ನು ಗಂಟು ಕಾಣದ ಹಾಗೆ ಸೇರಿಸಿ ಮೇಲಕ್ಕೆ ಒಯ್ಯುತ್ತಿದ್ದರು.

"ಶೇಖಮ್ಮನ ಉಸುರು ಭಾಳ ಉದ್ದ ಅಂತ ಜನ ಶಾಲು ಹೊದಿಸ್ಯಾರ‍್ರಿ ನನಗ," ಎನ್ನುತ್ತಾರೆ ಶೇಖಮ್ಮ. ಈಗ ಅವರು ಶಹಾಪುರದ ಒಂದು ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಾರೆ. ಮಾತಾಡುವಾಗಲೂ ಕೈ ರೊಟ್ಟಿಯ ಮೇಲೇ ಇರುತ್ತದೆ. "ಅದರಾಗ ಅರ್ಧಾ ಉಸುರು ಈ ನಮ್ಮಣ್ಣಂದು. ಒಂದಿನಾನೂ ಯಾರ ಮುಂದೂ ಅಂದಿಲ್ಲ. ಶಾಲು ಒಂದಾದರೂ ಅರ್ಧಾ ಹರಿದು ಕೊಡ್ತೀನಿ ತಗೋ ಅಂದ್ರ, ನನ್ನ ಕಡಿ ಹತ್ತಿ ರಗಡ ಅದ ಅಂತಾನ."

ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಗ್ಯಾಸಬತ್ತಿಗೆ ಸೀಮೆಎಣ್ಣೆ ಸಿಗುವುದು ಕಷ್ಟವಾಯಿತು. ಪರದೆಗೆ ಬಟ್ಟೆ ಇಲ್ಲ. ನಾಲ್ಕು ಜನ ಸೇರುವ ಬಯಲಾಟಕ್ಕೆ ಪರವಾನಗಿ ತರಲು ಓಡಾಡುವವರೂ ಇಲ್ಲ. ಕಂಪನಿ ಮುಚ್ಚಿತು. ಆ ಸುಗ್ಗಿ ಮುಗಿದ ಮೇಲೆ ಹೋಗುವುದಕ್ಕೆ ಊರಿಲ್ಲದೆ ಲಾಡ್ಲೇಸಾಬರು ಅಂಗಳದಲ್ಲಿ ಸುಮ್ಮನೆ ಕೂತುಬಿಟ್ಟಿದ್ದರು ಎಂದು ಚಮನಬೀ ಹೇಳುತ್ತಾರೆ. "ಮನ್ಯಾಗ ಇದ್ದರ ಖುಷಿ ಆಗ್ಬೇಕಲ್ರಿ ನನಗ? ಆಗ್ಲಿಲ್ಲ. ಹಾಡಲಾರದ ಮನಷ್ಯಾನ್ನ ಇಟ್ಕೊಂಡು ಏನು ಮಾಡೂದು?"

ದಾರಿ ತೋರಿಸಿದವರು ಗುರಣ್ಣ ಮಾಸ್ತರರು. ಶಿರವಾಳದವರು, ಶಹಾಪುರದ ಶಾಲೆಯಲ್ಲಿ ಸರ್ಕಾರದ ಭಾಷೆಯಾದ ಉರ್ದುವಿನಲ್ಲಿ ಲೆಕ್ಕ ಕಲಿಸುತ್ತಾರೆ. ಮನೆಗೆ ಬಂದು ಕನ್ನಡದಲ್ಲಿ ಹಾಡು ಬರೆಯುತ್ತಾರೆ. ಒಬ್ಬಳೇ ಆಡುವ ಆಟವಾದರೆ ಡೇರೆ ಬೇಡ, ಬತ್ತಿ ಬೇಡ, ಯಾರದಾದರೂ ಪಡಸಾಲೆಯಲ್ಲಿ ಹಗಲು ಬೆಳಕಿನಲ್ಲೇ ಆಡಬಹುದು ಎಂದು ಅವರಿಗೆ ಹೊಳೆಯಿತು. ಅದನ್ನು ಶೇಖಮ್ಮನಿಗೆ ಹೇಳಿದರು. ಶೇಖಮ್ಮ ಹಾಕಿದ ಷರತ್ತು ಒಂದೇ. "ಹಿಮ್ಮೇಳಕ್ಕ ಒಬ್ಬರು ಬೇಕು. ಅವರು ಯಾದಗಿರಿ ಲಾಡ್ಲೇಸಾಬ ಆಗಬೇಕು." ಆ ಮಾತು ತಮಗೆ ಮುಟ್ಟಿದ ದಿನವನ್ನು ಲಾಡ್ಲೇಸಾಬರು ಈಗಲೂ ಕೃತಜ್ಞತೆಯಿಂದ ನೆನೆಯುತ್ತಾರೆ. "ಆಕಿ ಕರೀಲಿಲ್ಲಂದ್ರ ನಾ ಬರೇ ಪಿಂಜಾರ ಆಗಿ ಸಾಯ್ತಿದ್ದೆ. ಪಿಂಜಾರ ಆಗೂದು ಸಣ್ಣದಲ್ರಿ. ಆದ್ರ ಬರೇ ಅಂದ್ರ ಬರೇನ."

ಶುಕ್ರವಾರ ಶಾಲೆಗೆ ರಜೆ. ಆ ದಿನ ಗುರಣ್ಣನವರ ಮನೆಯಲ್ಲಿ ನಾಲ್ವರೂ ಸೇರುತ್ತಾರೆ. ನಾಲ್ಕನೆಯವರು ಪೇಟಿ ನುಡಿಸುವ ಅಮರಪ್ಪ. ಆಟದ ಕಥೆ ಬಹಳ ಸರಳ. ಕೃಷ್ಣೆಯ ದಂಡೆಯಲ್ಲಿ ಅಂಬಿಗನ ಹೆಂಡತಿಯೊಬ್ಬಳು. ಗಂಡ ಹರಿಗೋಲು ಹಾಕಿಕೊಂಡು ಆಚೆ ದಂಡೆಗೆ ಹೋಗಿದ್ದಾನೆ, ಹೊಳೆ ಏರಿದೆ. ಅವಳೇ ಅತ್ತೆಯಾಗುತ್ತಾಳೆ, ನೆರೆಮನೆಯವಳಾಗುತ್ತಾಳೆ, ಕೊನೆಗೆ ಹೊಳೆಯೂ ಆಗುತ್ತಾಳೆ. ಗುರಣ್ಣ ಪದ ತರುತ್ತಾರೆ. "ಇದು ಬಾಯಾಗ ಹೊರಳಂಗಿಲ್ರಿ ಮಾಸ್ತರ, ಹಲ್ಲಿಗೆ ಬಡೀತದ," ಎಂದು ಶೇಖಮ್ಮ ಪದ ಬದಲಿಸುತ್ತಾರೆ. ಅಮರಪ್ಪ ಅದಕ್ಕೊಂದು ರಾಗ ಹಚ್ಚುತ್ತಾರೆ. ಅತ್ತೆಯ ಬೈಗುಳಕ್ಕೆ ಯಾವ ರಾಗವೂ ಒಗ್ಗದಿದ್ದಾಗ, ಹತ್ತಿ ಬಡಿಯುವ ಲಯ ಹಾಕಿ ನೋಡೋಣ ಎಂದವರು ಲಾಡ್ಲೇಸಾಬರು. ಅದು ಕೂತಿತು. ಇಡೀ ಮನೆ ನಕ್ಕಿತು. "ಈ ಅತ್ತಿ ಸೊಸೀನ ಹಿಂಜಾಕತ್ತಾಳ!" ಎಂದರು ಅಮರಪ್ಪ.

ತೊಡಕು ಬಂದದ್ದು ಕೊನೆಯ ಭಾಗದಲ್ಲಿ. ಹೆಂಡತಿ ದಂಡೆಗೆ ಬಂದು ಕೂಗುತ್ತಾಳೆ.

ಹೊಳಿ ಏರಿ ಬಂದದ ಹೊಸ್ತಿಲ ಮಟ
ಒಲಿಯಾಗಿನ ಕೆಂಡ ಇನ್ನಾ ಆರಿಲ್ಲ
ಆಚಿ ದಂಡಿಯಾಗ ನೀ ನಿಂತಿದ್ರ
ಒಮ್ಮೆ ಕೂಗೊ, ಅಂಬಿಗಾ, ಒಮ್ಮೆ ಕೂಗೊ

ಇಲ್ಲಿ ಎಲ್ಲವೂ ನಿಲ್ಲಬೇಕು ಎಂದು ಗುರಣ್ಣನವರ ಅಪ್ಪಣೆ. ಪೇಟಿ ನಿಲ್ಲಬೇಕು, ತಾಳ ನಿಲ್ಲಬೇಕು. ಉತ್ತರ ಬರುವುದೋ ಇಲ್ಲವೋ ಎಂದು ಅವಳು ಕಾಯಬೇಕು, ಕೂತವರೂ ಅವಳ ಜೊತೆ ಕಾಯಬೇಕು. ಆಮೇಲೆ ಅವಳೊಬ್ಬಳೇ, ಯಾರ ಆಸರೆಯೂ ಇಲ್ಲದೆ, ಕೊನೆಯ ನುಡಿ ಎತ್ತಬೇಕು.

ಶೇಖಮ್ಮ "ಒಮ್ಮೆ ಕೂಗೊ" ಎಂದು ನಿಲ್ಲಿಸಿದ ಕೂಡಲೇ ಹಿಂದಿನಿಂದ ಲಾಡ್ಲೇಸಾಬರ ದನಿ ಏಳುತ್ತದೆ: "ಕೂಗೊ..."

"ಸಾಬ್ರೆ," ಎಂದು ಗುರಣ್ಣ ಮೊದಲ ಸಲ ನಗುತ್ತಲೇ ಹೇಳಿದರು, "ಆತ ಇದ್ದಾನೋ ಇಲ್ಲೋ ಗೊತ್ತಾಗಬಾರದು. ನೀವು ದನಿ ಕೊಟ್ರ, ಆಚಿ ದಂಡಿಯಾಗ ಬೀಡಿ ಸೇದಕೋತ ಕುಂತು ಓ ಅಂದಂಗ ಆಗ್ತದ."

"ತಪ್ಪಾತ್ರಿ ಮಾಸ್ತರ. ಇನ್ನೊಮ್ಮೆ."

ಇನ್ನೊಮ್ಮೆಯೂ ಹಾಗೇ ಆಯಿತು. ಅಮರಪ್ಪ ಆ ಜಾಗ ಬಂದಾಗ ಮೊಣಕಾಲಿನಿಂದ ತಿವಿದು ನೋಡಿದರು. ತಿವಿತಕ್ಕೆ ದನಿ ಇನ್ನೂ ಮೇಲೆ ಹೋಯಿತು. ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡು ಕೂತದ್ದಾಯಿತು. ಅದು ನೆತ್ತಿಗೇರಿ, ಕೆಮ್ಮಿನ ನಡುವೆಯೂ ಸೊಲ್ಲು ಎದ್ದಿತು. ಗುರಣ್ಣನವರ ನಗು ಹೋಯಿತು. ಅವರದೂ ತಪ್ಪಲ್ಲ. ಆಟದ ಜೀವ ಇರುವುದೇ ಆ ಜಾಗದಲ್ಲಿ. ಕಳೆದ ಶುಕ್ರವಾರ ಅವರು ನೋವಿನಿಂದಲೇ ಹೇಳಿಬಿಟ್ಟರು: "ಹಿಮ್ಮೇಳ ಬಿಟ್ಟು ಆಡೋಣು."

"ಈತ ಇಲ್ಲಂದ್ರ ನಾನೂ ಇಲ್ಲ," ಎಂದು ಶೇಖಮ್ಮ ಎದ್ದರು.

ಅವರನ್ನು ಕೂರಿಸಿದವರು ಲಾಡ್ಲೇಸಾಬರೇ. "ಯವ್ವಾ, ಕುಂಡ್ರು. ನನ್ನ ಸಲುವಾಗಿ ಆಟ ಕೆಡಬಾರದು. ಆಟದ ದಿನ ಮುಂಜಾನಿ ಒಂದು ಸಲ ನೋಡೂನು. ಆಗ್ಲಿಲ್ಲಂದ್ರ ನಾನ ಎದ್ದು ಹೋಗ್ತೀನಿ, ಯಾರೂ ಕಳಸೂದು ಬ್ಯಾಡ."

ತಮಗೆ ಯಾಕೆ ಸುಮ್ಮನಿರಲು ಆಗುವುದಿಲ್ಲ ಎಂದು ಅವರಿಗೆ ಗೊತ್ತಿದೆ. ಗುರುವಾರ ಬಿಲ್ಲನ್ನು ಗೋಡೆಗೆ ಒರಗಿಸಿ, ಶಹಾಪುರದ ಮೋಟಾರಿಗೆ ಹೊರಡುವ ಮೊದಲು ಹೇಳುತ್ತಾರೆ: "ಹೆಗಲ ಇಳೀತದ್ರಿ. ಉಸುರು ತೀರಿದಾಗ ಹ್ಯಾಂಗ ಇಳೀತಿತ್ತೋ ಹಂಗ ಇಳೀತದ. ಮಾಸ್ತರ‍್ರ ಆಟದಾಗ ಇಳಿದದ್ದೋ, ಖರೇನ ಇಳಿದದ್ದೋ ಹಿಂದಿಂದ ನೋಡಾಂವಗ ಹ್ಯಾಂಗ ತಿಳೀಬೇಕು? ಆಕಿ ಮುಳಗಾಕತ್ತಾಳ ಅನಸ್ತದ. ಕೈ ಚಾಚಿಬಿಡ್ತೀನಿ."

ಶುಕ್ರವಾರ ಬೆಳಿಗ್ಗೆ ಕುಬ್ರಾಬೇಗಂ ಅವರ ಪಡಸಾಲೆಯಲ್ಲಿ ಜಮಖಾನೆ ಹಾಸಿದೆ. ಅವರು ವಕೀಲರೊಬ್ಬರ ವಿಧವೆ. ಗಂಡ ಇದ್ದಾಗ ಈ ಮನೆಯಲ್ಲಿ ಎಷ್ಟೋ ಹಾಡಿನ ಮಹಫಿಲುಗಳು ನಡೆದಿವೆ. ಪಡಸಾಲೆಯ ಒಂದು ಬದಿಗೆ ಬಿದಿರಿನ ತಟ್ಟಿಯ ಪರದೆ, ಅದರ ಹಿಂದೆ ಬೇಗಂ ಮತ್ತು ಮನೆಯ ಹೆಂಗಸರು. ಶೇಖಮ್ಮ ಆ ಕಡೆಗೆ ಮುಖ ಮಾಡಿ ಹಾಡುತ್ತಾರೆ. ಲಾಡ್ಲೇಸಾಬರು ಎಂದಿನಂತೆ ಬೆನ್ನ ಹಿಂದೆ. "ಒಮ್ಮೆ ಕೂಗೊ" ಬರುತ್ತದೆ. ಹೆಗಲು ಇಳಿಯುತ್ತದೆ.

"ಕೂಗೊ..."

ಗುರಣ್ಣ ನೆಲ ನೋಡುತ್ತಾರೆ. ಲಾಡ್ಲೇಸಾಬರು ತಾಳವನ್ನು ಜೋಳಿಗೆಗೆ ಹಾಕಿ ಎದ್ದು ನಿಲ್ಲುತ್ತಾರೆ.

ಆಗ ಪರದೆಯ ಹಿಂದಿನಿಂದ ಬೇಗಂ ಕೇಳುತ್ತಾರೆ: "ಲಾಡ್ಲೇಮಿಯಾ, ಎಲ್ಲಿಗಿ ಹೊಂಟ್ರಿ?"

"ನನ್ನಿಂದ ಆಗೂದಿಲ್ಲ ಬೇಗಂಸಾಹೇಬಾ."

"ನನಗ ಆಟ ಗೊತ್ತಿಲ್ಲ. ಒಂದು ಮಾತು ಹೇಳ್ತೀನಿ. ಪರದಾದಾಗ ಇರಾಕಿ ನಾನು, ನನಗ ಶೇಖಮ್ಮನ ಮಾರಿ ಕಾಣಸ್ತದ. ಆಕಿ ಸುಮ್ಮ ಆದಾಗ ಉಸುರು ತೀರಿಲ್ಲ, ಕಾಯಾಕತ್ತಾಳ ಅಂತ ನನಗ ತಿಳೀತದ. ಆಕಿ ಜೋಡಿ ಹಾಡೂ ನಿಮಗ ಬೆನ್ನಷ್ಟೇ ಕಾಣಸ್ತದ. ಇದು ಎಲ್ಲೀ ಇನ್ಸಾಫು, ಎಲ್ಲೀ ನ್ಯಾಯ? ಈಕಡಿ ಬಂದು ಎದುರಿಗಿ ಕುಂಡ್ರಿ."

ಪಡಸಾಲೆಯಲ್ಲಿದ್ದ ಕಲಾವಿದರಿಗೆ ಇದು ಹೊಳೆದಿರಲೇ ಇಲ್ಲ. ಹಿಮ್ಮೇಳ ಹಿಂದೆಯೇ ನಿಲ್ಲಬೇಕು. ಅದರ ಹೆಸರೇ ಹಾಗೆ. ಲಾಡ್ಲೇಸಾಬರು ಕಿವಿಯವರೆಗೆ ಕೆಂಪಾಗುತ್ತಾರೆ. "ಮುಂದ ಕುಂತು ಮಾರಿ ನೋಡಕೋತ ಹಾಡೂದಾ? ಛೇ, ಅದು ಪದ್ಧತಿ ಅಲ್ರಿ."

"ಇಷ್ಟು ವರ್ಷ ನನ್ನ ಹೆರಳು ನೋಡಿದಿ," ಎನ್ನುತ್ತಾರೆ ಶೇಖಮ್ಮ. "ಇವತ್ತೊಂದಿನ ಮಾರಿ ನೋಡು, ಸಾಯಂಗಿಲ್ಲ. ಹೆರಳಿನಷ್ಟು ಚೆಂದ ಇಲ್ಲದಿದ್ರ ಮತ್ತ ಹಿಂದ ಹೋಗು."

ಅಮರಪ್ಪ ಪೇಟಿಯ ಮೇಲೆ ಬಿದ್ದು ನಗುತ್ತಾರೆ. ಗುರಣ್ಣ ತಾವೇ ಜಮಖಾನೆಯ ಆಚೆ ತುದಿಯಲ್ಲಿ, ಪರದೆಯ ಬುಡದಲ್ಲಿ ಜಾಗ ಮಾಡಿಕೊಡುತ್ತಾರೆ. ಮತ್ತೊಂದು ಸಲ ಹಾಡಿ ನೋಡಲು ಹೊತ್ತಿಲ್ಲ. ಜುಮ್ಮಾ ನಮಾಜಿಗೆ ಹೋಗುವವರು ಹೋಗಬೇಕು, ಬಂದ ಕೂಡಲೇ ಆಟ. ಬೇಗಂ ಅವರ ಮಾತಿಗೆ ಬೆಲೆ ಕೊಟ್ಟು ಗುರಣ್ಣ ಒಪ್ಪುತ್ತಾರೆ, ಆದರೆ ಅವರ ಮುಖದಲ್ಲಿ ಅಳುಕು ಹಾಗೇ ಇದೆ.

ನಮಾಜು ಮುಗಿದ ಮೇಲೆ ಪಡಸಾಲೆ ತುಂಬುತ್ತದೆ. ಶಾಲೆಯ ಉಸ್ತಾದರು, ಹತ್ತಿ ವ್ಯಾಪಾರಿಗಳು, ಸುರಪುರದಿಂದ ಬಂದ ಒಂದಿಬ್ಬರು ಹಾಡಿನ ಹುಚ್ಚಿನವರು. ಕಿಟಕಿಯಿಂದ ಇಳಿಬಿಸಿಲು ಶೇಖಮ್ಮನ ಪಾದದ ಹತ್ತಿರ ಬಿದ್ದಿದೆ. ಸೆರಗು ತಲೆಗೆ ಬಂದರೆ ಅತ್ತೆ, ಸೊಂಟಕ್ಕೆ ಹೋದರೆ ನೆರೆಮನೆಯವಳು, ಎರಡೂ ಕೈಯಲ್ಲಿ ಅಲೆಯಾದರೆ ಹೊಳೆ. ಅತ್ತೆಯ ಬೈಗುಳಕ್ಕೆ ಪರದೆಯ ಹಿಂದೆ ನಗು ತಡೆಯಲಾಗುವುದಿಲ್ಲ. ಲಾಡ್ಲೇಸಾಬರು ಎದುರಿನಿಂದಲೇ ಸೊಲ್ಲು ಎತ್ತುತ್ತಾರೆ, ತಾಳ ಹಾಕುತ್ತಾರೆ. ಮೊದಮೊದಲು ಕಣ್ಣು ಕೆಳಗೇ ಇತ್ತು. ಆಮೇಲೆ ಮೇಲಕ್ಕೆ ಬರುತ್ತದೆ, ಬಂದದ್ದು ಮತ್ತೆ ಕೆಳಗಿಳಿಯುವುದಿಲ್ಲ.

"ಒಮ್ಮೆ ಕೂಗೊ, ಅಂಬಿಗಾ, ಒಮ್ಮೆ ಕೂಗೊ."

ಪೇಟಿ ನಿಲ್ಲುತ್ತದೆ. ಶೇಖಮ್ಮನ ಹೆಗಲು ಇಳಿಯುತ್ತದೆ. ಅವರು ನೋಡುತ್ತಿರುವುದು ಹೊಳೆಯ ಆಚೆ ದಂಡೆಯನ್ನು. ಆ ದಂಡೆ ಇರುವುದು ಲಾಡ್ಲೇಸಾಬರು ಕೂತ ಜಾಗದಲ್ಲೇ. ಕಣ್ಣು ನೇರವಾಗಿ ಅವರ ಮೇಲಿದೆ, ಅಲ್ಲಿ ಯಾರೂ ಇಲ್ಲವೆಂಬಂತೆ. ಲಾಡ್ಲೇಸಾಬರ ತುಟಿ ತೆರೆಯುತ್ತದೆ. ಗುರಣ್ಣ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಲಾಡ್ಲೇಸಾಬರು ಶೇಖಮ್ಮನ ಮುಖ ನೋಡುತ್ತಾರೆ. ಗಂಟಲ ಬುಡದಲ್ಲಿ ಉಸಿರು ಸಣ್ಣಗೆ, ಸಮನಾಗಿ ಆಡುತ್ತಿದೆ. ತೀರಿದ ಉಸಿರಲ್ಲ ಅದು. ತೆರೆದ ತುಟಿ ಹಾಗೆಯೇ ಮುಚ್ಚಿಕೊಳ್ಳುತ್ತದೆ.

ಬೀದಿಯಲ್ಲಿ ಗಾಡಿಯೊಂದು ಹೋಗುವ ಸದ್ದು ಕೇಳುತ್ತದೆ. ಪರದೆಯ ಹಿಂದೆ ಯಾರದೋ ಬಳೆ ಒಮ್ಮೆ ಅಲುಗಿ ನಿಲ್ಲುತ್ತದೆ. ತಾಲೀಮಿನಲ್ಲಿ ಈ ಕಾಯುವಿಕೆ ಒಮ್ಮೆಯೂ ಉಳಿದಿರಲಿಲ್ಲ. ಇಡೀ ಪಡಸಾಲೆ ಆಚೆ ದಂಡೆಗೆ ಕಿವಿಗೊಟ್ಟಿದೆ.

ಆಮೇಲೆ ಶೇಖಮ್ಮ ಒಬ್ಬರೇ ಎತ್ತುತ್ತಾರೆ, ಮೆಲ್ಲಗೆ, ಕೆಳಗಿನ ದನಿಯಲ್ಲಿ.

ದೀಪ ಹಚ್ಚತೀನಿ ಗಾಳಿಗೆ ಸೆರಗೊಡ್ಡಿ
ಕಂಡವರು ಬರಲಿ ಈ ದಂಡಿಗೆ

ಉದ್ದದ ಸೊಲ್ಲು. ಮೊದಲಿನ ಹಾಗೆ ಮೇಲಕ್ಕೆ ಹೋಗುವುದಿಲ್ಲ, ಆದರೆ ತುದಿಯವರೆಗೆ ಕಡಿಯದೆ ಬರುತ್ತದೆ. ಜ್ವರ ಬಂದ ವರ್ಷದಿಂದ ಈಚೆಗೆ ಶೇಖಮ್ಮ ಒಂದು ಉದ್ದದ ಸೊಲ್ಲನ್ನು ಇಡಿಯಾಗಿ ತಮ್ಮದೇ ಉಸಿರಿನಲ್ಲಿ ಮುಗಿಸಿದ್ದು ಇದೇ ಮೊದಲು. ಅದು ಗೊತ್ತಿರುವುದು ಆ ಮನೆಯಲ್ಲಿ ಇಬ್ಬರಿಗೆ ಮಾತ್ರ.

ಆಟ ಮುಗಿದ ಮೇಲೆ ಜನ ಶೇಖಮ್ಮನನ್ನು ಮುತ್ತಿಕೊಳ್ಳುತ್ತಾರೆ. ಸುರಪುರದವರು ತಮ್ಮ ಊರಿನಲ್ಲೂ ಆಡಬೇಕೆಂದು ಗುರಣ್ಣನವರ ಕೈ ಹಿಡಿಯುತ್ತಾರೆ. ವ್ಯಾಪಾರಿಯೊಬ್ಬರು ಲಾಡ್ಲೇಸಾಬರ ಪಕ್ಕ ಬಂದು, "ನೀವೂ ಕೇಳಾಕ ಬಂದಿದ್ರೇನು? ನಡುನಡುವ ಛಲೋ ದನಿ ಕೂಡಿಸಿದ್ರಿ ನೋಡ್ರಿ," ಎನ್ನುತ್ತಾರೆ. "ಹೌದ್ರಿ, ಕೇಳಾಕ ಬಂದಿದ್ದೆ," ಎಂದು ಲಾಡ್ಲೇಸಾಬರು ಅವರಿಗೆ ಕೈ ಮುಗಿಯುತ್ತಾರೆ. ಗುರಣ್ಣ ಜನರ ನಡುವಿನಿಂದ ಬಿಡಿಸಿಕೊಂಡು ಬಂದು ಲಾಡ್ಲೇಸಾಬರ ಎರಡೂ ಕೈ ಹಿಡಿದುಕೊಳ್ಳುತ್ತಾರೆ. "ಸುರಪುರದಾಗೂ ನೀವು ಅಲ್ಲೇ ಕುಂಡ್ರಬೇಕು ಸಾಬ್ರೆ," ಎನ್ನುತ್ತಾರೆ. ಪರದೆಯ ಕಡೆಗೆ ತಿರುಗಿ ಲಾಡ್ಲೇಸಾಬರು ಸಲಾಮು ಮಾಡುತ್ತಾರೆ. ಆ ಕಡೆಯಿಂದ ಒಂದು ತಟ್ಟೆ ಖೀರು ಬರುತ್ತದೆ.

ಶನಿವಾರ ಯಾದಗಿರಿಯ ಅಂಗಳದಲ್ಲಿ ಯಾರದೋ ಮದುವೆಯ ಗಾದಿಗೆ ಹೊಸ ಹತ್ತಿ ಬಂದು ಬಿದ್ದಿದೆ. ಚಮನಬೀ ಚೀಲದ ಬಾಯಿ ಬಿಚ್ಚುತ್ತ ಕೇಳುತ್ತಾರೆ: "ಹ್ಯಾಂಗಾತು? ಛಲೋ ಹಾಡಿದಿ?"

"ಹಾಡಿದೆ. ಒಂದು ಕಡಿ ಸುಮ್ಮ ಇದ್ದೆ."

"ನೀನು? ಸುಮ್ಮ?"

"ಆಕೀಗಿ ಉಸುರಿತ್ತು, ಚಮನ. ನನ್ನ ಉಸುರು ಬೇಕಾಗ್ಲಿಲ್ಲ." ಲಾಡ್ಲೇಸಾಬರು ಒಂದು ಹಿಡಿ ಹತ್ತಿಯನ್ನು ಕೈಯಲ್ಲಿ ಹಿಡಿದು, ಬೀಜ ಉಳಿದಿದೆಯೇ ಎಂದು ಬೆಳಕಿಗೆ ತಿರುಗಿಸಿ ನೋಡುತ್ತಾರೆ. "ಆ ಮ್ಯಾಲಿನ ಮಾಲಿಕ ಆಕೀಗಿ ಹಿಂಗ ಉಸುರು ಕೊಡ್ತಿರಲಿ. ನಾ ಎಷ್ಟು ಹೊತ್ತು ಬೇಕಾದ್ರೂ ಸುಮ್ಮ ಕುಂಡ್ರತೀನಿ."